ವರ್ಣತಂತು: ಒಂದು ಮುರಿದ ಎಳೆಯ ಚರಿತ್ರೆ

ನಮ್ಮ ಚಿಕ್ಕವ್ವನ ಹೊಟ್ಟೆಯ ಎಡಗಡೆ ಊದಿಕೊಂಡಿತ್ತು. ಪಕ್ಕೆಲುಬಿನ ಕೆಳಗೆ ಕೈಯಿಟ್ಟರೆ ಕಲ್ಲು ಸಿಕ್ಕ ಹಾಗೆ. ರಾಗಿ ಹೊಲದಲ್ಲಿ ಕಳೆ ಕೀಳುತ್ತಾ ಕೂತವಳು ಎದ್ದು ನಿಲ್ಲಲಾರದೆ ಬದುವಿನ ಮೇಲೆ ಮಲಗಿಬಿಟ್ಟಳು. ಕೆಲವರು ಗಾಳಿ ಅಂದರು, ಕೆಲವರು ಮಾಟ ಅಂದರು. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ನೋಡಿದವರು ಬೆಂಗಳೂರಿಗೆ ಹೋಗಿ ಅಂದರು. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಮೂರು ವಾರ ಓಡಾಡಿದ ಮೇಲೆ ಒಂದು ಚೀಟಿ ಕೈಗೆ ಬಂತು. ನಮ್ಮ ಮನೆತನದಲ್ಲಿ ಇಂಗ್ಲಿಷ್ ಓದೋನು ನಾನೊಬ್ಬನೆ. ಓದಿದೆ. ಓದಲು ಬಂತು, ಅರ್ಥವಾಗಲಿಲ್ಲ. 'ಫಿಲಡೆಲ್ಫಿಯಾ ಕ್ರೋಮೋಸೋಮ್ ಪಾಸಿಟಿವ್' ಅಂತ ಬರೆದಿತ್ತು.

"ಏನಂತ್ಲಾ ಮಗ?" ಅಂದಳು ಚಿಕ್ಕವ್ವ.

"ರಕ್ತದ ಕ್ಯಾನ್ಸರ್ ಅಂತೆ. ಮಾತ್ರೆ ಅದೆಯಂತೆ."

ನಾವು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. "ಹೋದ ಜನ್ಮದ್ದು, ಉಣ್ಣಲೇಬೇಕು" ಅಂತ ಒಬ್ಬರು ಅಂದರು. ಚಿಕ್ಕವ್ವನ ಮಗಳಿಗೆ ಗೊತ್ತಾಗಿದ್ದ ಗಂಡಿನ ಕಡೆಯವರು ವೀಳ್ಯ ವಾಪಸ್ ಕಳಿಸಿದರು. "ರಕ್ತದಲ್ಲೇ ಐತಂತಲ್ಲ, ನಾಳೆ ಮಕ್ಳಿಗೂ ಬತ್ತದೆ" ಅಂದರಂತೆ. ಗೆಳೆಯರೆ, ಈ ಮಾತು ಹೇಳಿದವರು ಅಗ್ರಹಾರದವರಲ್ಲ, ನಮ್ಮ ಕೇರಿಯವರೇ. ಹುಟ್ಟಿನಲ್ಲೇ ಕಳಂಕ ಇದೆ ಅನ್ನೋ ಮಾತಿನಿಂದ ತಲೆಮಾರುಗಟ್ಟಲೆ ಸುಟ್ಟುಕೊಂಡ ಜನ, ಅದೇ ಕೊಳ್ಳಿಯನ್ನು ಎತ್ತಿ ಒಬ್ಬ ರೋಗಿಯ ಮಗಳ ಮೇಲೆ ಎಸೆದಿದ್ದರು.

ಅವತ್ತಿನಿಂದ ಆ ಚೀಟಿಯ ಪದದ ಬೆನ್ನು ಹತ್ತಿದೆ. ನನಗೆ ದಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವಿಜ್ಞಾನ ಓದಿದವನಲ್ಲ. ಆದರೆ ಇದು ವಿಜ್ಞಾನದವರಿಗೆ ಮಾತ್ರ ಬಿಡಬೇಕಾದ ಚರಿತ್ರೆಯೂ ಅಲ್ಲ.

*

ನಮ್ಮ ಮೈ ಕೋಟಿ ಕೋಟಿ ಜೀವಕೋಶಗಳಿಂದ ಆದದ್ದು. ಒಂದು ಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹೀಗೆ ಒಡೆಯುವ ಹೊತ್ತಿನಲ್ಲಿ ಅದರ ಒಳಗಿನ ತಿರುಳಿನಲ್ಲಿ ದಾರದ ಎಳೆಗಳಂಥವು ಕಾಣಿಸಿಕೊಳ್ಳುತ್ತವೆ. 1882ರಲ್ಲಿ ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಎಂಬಾತ ಈ ಎಳೆಗಳು ಇಬ್ಭಾಗವಾಗಿ ಎರಡು ಮರಿಕೋಶಗಳಿಗೆ ಸಮವಾಗಿ ಹಂಚಿಕೆಯಾಗುವುದನ್ನು ಚಿತ್ರ ಬರೆದು ತೋರಿಸಿದ. 1888ರಲ್ಲಿ ವಾಲ್ಡೆಯರ್ ಎಂಬಾತ ಅವಕ್ಕೆ ಕ್ರೋಮೋಸೋಮ್ ಅಂತ ಹೆಸರಿಟ್ಟ. ಬಣ್ಣದ ಕಾಯ ಅಂತ ಅರ್ಥ. ನಮ್ಮ ಶಾಲೆಯ ಪುಸ್ತಕದಲ್ಲಿ ಅದು ವರ್ಣತಂತು ಆಯಿತು.

ವರ್ಣ ಅಂದಕೂಡಲೆ ನಮಗೆ ಬೆನ್ನು ಚುರುಗುಟ್ಟುತ್ತದೆ. ಆದರೆ ಇಲ್ಲಿ ವರ್ಣ ಅಂದರೆ ಹೊರಗಿನಿಂದ ಹಚ್ಚಿದ ಬಣ್ಣ, ಅಷ್ಟೇ. ಆ ಎಳೆಗಳು ಬಣ್ಣವನ್ನು ಚೆನ್ನಾಗಿ ಹಿಡಿಯುತ್ತವೆ, ಅದಕ್ಕೇ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಹುಟ್ಟಿನಿಂದ ಅವಕ್ಕೆ ಯಾವ ಬಣ್ಣವೂ ಇಲ್ಲ. ನೋಡುವವನು ತನ್ನ ಅನುಕೂಲಕ್ಕೆ ಹಚ್ಚಿದ್ದು. ನಮ್ಮ ಮೇಲಿನ ವರ್ಣವೂ ಹೀಗೇ ಅಲ್ಲವೆ?

1890ರಲ್ಲಿ ಬರ್ಲಿನ್ನಿನ ಡೇವಿಡ್ ಫಾನ್ ಹಾನ್ಸೆಮನ್ ಎಂಬ ವೈದ್ಯ ಕ್ಯಾನ್ಸರ್ ಗೆಡ್ಡೆಗಳ ತುಣುಕುಗಳನ್ನು ನೋಡುತ್ತಾ ಒಂದು ವಿಚಿತ್ರ ಕಂಡ. ಅಲ್ಲಿನ ಕೋಶಗಳು ಒಡೆಯುವಾಗ ಪಾಲು ಸಮ ಇರಲಿಲ್ಲ. ಒಂದು ಮರಿಕೋಶಕ್ಕೆ ಹೆಚ್ಚು ಎಳೆ, ಇನ್ನೊಂದಕ್ಕೆ ಕಡಿಮೆ. ಇದು ರೋಗದ ಕಾರಣವೋ, ರೋಗದಿಂದಾದ ಹಾಳೋ? ಅವನಿಂದ ತೀರ್ಮಾನ ಹೇಳಲಾಗಲಿಲ್ಲ.

ತೀರ್ಮಾನದ ಹತ್ತಿರ ಹೋದವನು ವುರ್ಟ್ಸ್‌ಬರ್ಗಿನ ತಿಯೊಡರ್ ಬೊವೆರಿ. ಅವನು ಕ್ಯಾನ್ಸರ್ ವೈದ್ಯನಲ್ಲ. ಮುಳ್ಳಿನ ಚೆಂಡಿನಂಥ ಒಂದು ಕಡಲಜೀವಿಯ ಮೊಟ್ಟೆಗಳನ್ನು ಇಟ್ಟುಕೊಂಡು ಕೂತವನು. ಒಂದು ಮೊಟ್ಟೆಯೊಳಗೆ ಒಂದರ ಬದಲು ಎರಡು ವೀರ್ಯಾಣು ಹೊಕ್ಕರೆ ಎಳೆಗಳ ಹಂಚಿಕೆ ಕೆಡುತ್ತದೆ. ಎರಡು ಪಾಲಾಗಬೇಕಾದ್ದು ಮೂರೋ ನಾಲ್ಕೋ ಆಗುತ್ತದೆ. ಅಂಥ ಭ್ರೂಣಗಳು ಹೆಚ್ಚುಪಾಲು ಕೆಟ್ಟು ಸಾಯುವುದನ್ನು ಅವನು 1902ರಲ್ಲಿ ಬರೆದ. ಎಳೆಗಳೆಲ್ಲ ಒಂದೇ ಥರದವಲ್ಲ, ಒಂದೊಂದಕ್ಕೂ ಅದರದೇ ಕೆಲಸವಿದೆ, ಒಂದು ತಪ್ಪಿದರೂ ಬದುಕು ತಪ್ಪುತ್ತದೆ ಎಂದು ತಿಳಿದುಕೊಂಡ. 1914ರಲ್ಲಿ ಒಂದು ಸಣ್ಣ ಪುಸ್ತಕ ಬರೆದ. ಕ್ಯಾನ್ಸರ್ ಒಂದೇ ಒಂದು ಕೋಶದಲ್ಲಿ ಶುರುವಾಗುತ್ತದೆ. ಆ ಕೋಶದ ವರ್ಣತಂತುಗಳ ಲೆಕ್ಕ ತಪ್ಪಿರುತ್ತದೆ. ಬೆಳವಣಿಗೆಗೆ ಕಡಿವಾಣ ಹಾಕುವ ಎಳೆ ಕಳೆದುಹೋಗಿ, ಬೆಳೆಸುವ ಎಳೆಯ ಕೈ ಮೇಲಾಗಿರುತ್ತದೆ. ಇದು ಅವನ ವಾದ.

ಕ್ಯಾನ್ಸರ್ ಪಂಡಿತರು ತಲೆ ಕೆಡಿಸಿಕೊಳ್ಳಲಿಲ್ಲ. 1915ರಲ್ಲಿ, 53ನೇ ವಯಸ್ಸಿಗೆ, ಬೊವೆರಿ ಸತ್ತ. ಅವನ ಹೆಂಡತಿ ಮಾರ್ಸೆಲ್ಲಾ ಓಗ್ರೇಡಿ ತಾನೇ ಜೀವವಿಜ್ಞಾನಿ. ಅವಳು ಆ ಪುಸ್ತಕವನ್ನು ಇಂಗ್ಲಿಷಿಗೆ ತಂದು 1929ರಲ್ಲಿ ಅಚ್ಚು ಹಾಕಿಸಿದಳು. ಇವತ್ತು ಗಟ್ಟಿ ಗೆಡ್ಡೆ ಕಟ್ಟುವ ಕ್ಯಾನ್ಸರುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟರಲ್ಲಿ ವರ್ಣತಂತುಗಳ ಲೆಕ್ಕ ತಪ್ಪಿರುತ್ತದೆ ಅಂತ ಎಲ್ಲರೂ ಒಪ್ಪುತ್ತಾರೆ. ಅವತ್ತು ಯಾರೂ ಒಪ್ಪದೆ ಹೋದದ್ದಕ್ಕೆ ಒಂದು ಕಾರಣ ಇತ್ತು. ತಪ್ಪಿದ ಲೆಕ್ಕ ಹಿಡಿಯಬೇಕಾದರೆ ಸರಿಯಾದ ಲೆಕ್ಕ ಗೊತ್ತಿರಬೇಕು. ಮನುಷ್ಯನ ಕೋಶದಲ್ಲಿ ಎಷ್ಟು ವರ್ಣತಂತುಗಳಿವೆ ಅಂತಲೇ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

*

ಎಷ್ಟು ಅಂತ ಹೇಳಿದವನು ಅಮೆರಿಕಾದ ಟೆಕ್ಸಾಸಿನ ತಿಯೊಫಿಲಸ್ ಪೇಂಟರ್. 1923ರಲ್ಲಿ ಅವನು 48 ಅಂದ. ಎಣಿಸಿದ್ದು ಯಾರ ಮೈಯಿಂದ? ಆ ರಾಜ್ಯದ ಹುಚ್ಚಾಸ್ಪತ್ರೆಯಲ್ಲಿದ್ದ ಮೂವರ ಮೈಯಿಂದ. ಇಬ್ಬರು ಕರಿಯರು, ಒಬ್ಬ ಬಿಳಿಯ ಯುವಕ. ಮೂವರ ವೃಷಣಗಳನ್ನೂ ಕತ್ತರಿಸಿ ತೆಗೆಯಲಾಗಿತ್ತು. ಅತಿಯಾದ ಹಸ್ತಮೈಥುನ, ಜೊತೆಗೆ ಹುಚ್ಚು, ಇದು ಕಾರಣ ಅಂತ ಪೇಂಟರನ ಲೇಖನದಲ್ಲೇ ಬರೆದಿದೆ. ಆ ಮೂವರ ಹೆಸರು ಅಲ್ಲಿಲ್ಲ. ಮನುಷ್ಯಕುಲದ ಲೆಕ್ಕಕ್ಕೆ ಮೈ ಕೊಟ್ಟವರು ಲೆಕ್ಕಕ್ಕೆ ಇಲ್ಲದ ಜನ.

ಕರಿಯರಲ್ಲೂ ಬಿಳಿಯನಲ್ಲೂ ಪೇಂಟರ್ ಕಂಡದ್ದು ಒಂದೇ ಲೆಕ್ಕ. ಕಣ್ಣಿಗೆ ಕಂಡ ಈ ಸಮಾನತೆ ಆ ರಾಜ್ಯದ ಕಾಲೇಜಿನ ಬಾಗಿಲಿಗೆ ಕಾಣಲಿಲ್ಲ. 1946ರಲ್ಲಿ ಹೀಮನ್ ಸ್ವೆಟ್ ಎಂಬ ಕರಿಯ ಅಂಚೆಯವನು ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಅರ್ಜಿ ಹಾಕಿದ. ಕರಿಯ ಅನ್ನೋ ಒಂದೇ ಕಾರಣಕ್ಕೆ ಸೀಟು ಕೊಡಲಿಲ್ಲ. ಆಗ ಆ ವಿಶ್ವವಿದ್ಯಾಲಯದ ಅಧ್ಯಕ್ಷ ಯಾರು? ಇದೇ ಪೇಂಟರ್. ಸ್ವೆಟ್ ಕೋರ್ಟಿಗೆ ಹೋದ. 1950ರಲ್ಲಿ ಅಮೆರಿಕಾದ ಸುಪ್ರೀಂ ಕೋರ್ಟು ಅವನ ಪರವಾಗಿ ತೀರ್ಪು ಕೊಟ್ಟಿತು. ಸ್ವೆಟ್ ವಿರುದ್ಧ ಪೇಂಟರ್ ಅಂತಲೇ ಆ ಮೊಕದ್ದಮೆಗೆ ಹೆಸರು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟವರೆಲ್ಲರ ಕಣ್ಣೂ ತೆರೆಯುತ್ತದೆ ಅಂತ ಇಲ್ಲ.

ಪೇಂಟರನ 48 ಮೂವತ್ತು ವರ್ಷ ವೇದವಾಯಿತು. ಬೇರೆಯವರು ಎಣಿಸಿದರೂ 48, ಎಣಿಸದಿದ್ದರೂ 48. 1952ರಲ್ಲಿ ಅದೇ ಟೆಕ್ಸಾಸಿನ ಗಾಲ್ವೆಸ್ಟನ್ ಊರಿನ ಲ್ಯಾಬಿನಲ್ಲಿ, ಚೀನಾದಿಂದ ಹೋಗಿದ್ದ ಟಿ. ಸಿ. ಶು ಎಂಬ ವಿಜ್ಞಾನಿ ಸೂಕ್ಷ್ಮದರ್ಶಕದಲ್ಲಿ ನೋಡಿ ಬೆಚ್ಚಿಬಿದ್ದ. ಯಾವಾಗಲೂ ಒಂದರ ಮೇಲೊಂದು ಗುಡ್ಡೆಯಾಗಿ ಕೂರುತ್ತಿದ್ದ ಎಳೆಗಳು ಅವತ್ತು ಕಣದಲ್ಲಿ ಹರವಿದ ಹಾಗೆ ಬಿಡಿಬಿಡಿಯಾಗಿ ಹರಡಿದ್ದವು. ಮತ್ತೆ ಮಾಡಿದರೆ ಬರಲಿಲ್ಲ. ತಿಂಗಳುಗಟ್ಟಲೆ ತಡಕಾಡಿದ ಮೇಲೆ ಗುಟ್ಟು ಸಿಕ್ಕಿತು. ಕೋಶ ತೊಳೆಯುವ ಉಪ್ಪುನೀರಿನಲ್ಲಿ ಉಪ್ಪು ಕಡಿಮೆಯಾಗಿತ್ತು. ನೀರು ಕುಡಿದು ಕೋಶ ಉಬ್ಬಿತ್ತು, ಎಳೆಗಳು ದೂರ ಸರಿದಿದ್ದವು. ದ್ರಾವಣ ಬೆರೆಸುವ ಸಹಾಯಕರಲ್ಲಿ ಯಾರೋ ಅಳತೆ ತಪ್ಪಿದ್ದರು. ಯಾರು ಅಂತ ಕೊನೆಗೂ ತಿಳಿಯಲಿಲ್ಲ. ಇವತ್ತಿಗೂ ವರ್ಣತಂತು ನೋಡುವ ಲ್ಯಾಬುಗಳಲ್ಲಿ ಈ ತೆಳು ದ್ರಾವಣವನ್ನೇ ಹಾಕುತ್ತಾರೆ. ದಾರಿ ಮಾಡಿಕೊಟ್ಟ ಕೈಗೆ ಹೆಸರಿಲ್ಲ.

ಆದರೆ ಶು ಏನು ಮಾಡಿದ ಗೊತ್ತೆ? ಅಷ್ಟು ಸ್ಪಷ್ಟವಾಗಿ ಕಂಡರೂ 48 ಅಂತಲೇ ಬರೆದ. ಸ್ವೀಡನ್ನಿನ ಲುಂಡ್ ಊರಿನಲ್ಲಿ ಇನ್ನೊಂದು ತಂಡ ಭ್ರೂಣದ ಕೋಶಗಳಲ್ಲಿ ಎಣಿಸುತ್ತಿತ್ತು. ಎಷ್ಟು ಎಣಿಸಿದರೂ 46. ಉಳಿದೆರಡು ಸಿಗುತ್ತಿಲ್ಲವಲ್ಲ ಅಂತ ಅವರು ಕೆಲಸವನ್ನೇ ನಿಲ್ಲಿಸಿಬಿಟ್ಟರು! ಕಣ್ಣು ನಲವತ್ತಾರು ಅನ್ನುತ್ತಿದೆ, ಪುಸ್ತಕ ನಲವತ್ತೆಂಟು ಅನ್ನುತ್ತಿದೆ. ಪುಸ್ತಕವನ್ನು ನಂಬಿ ಕಣ್ಣನ್ನು ಅನುಮಾನಿಸಿದರು. ಗೆಳೆಯರೆ, ಇದು ನಮಗೆ ಹೊಸ ಕತೆಯೆ?

ಕೊನೆಗೆ ಕಣ್ಣನ್ನು ನಂಬಿದವನು ಜೋ ಹಿನ್ ಟಿಯೊ. ಜಾವಾ ದ್ವೀಪದಲ್ಲಿ ಹುಟ್ಟಿದ ಚೀನೀ ಮೂಲದವನು. ಎರಡನೇ ಮಹಾಯುದ್ಧದಲ್ಲಿ ಜಪಾನಿನವರ ಸೆರೆಶಿಬಿರದಲ್ಲಿ ಹಿಂಸೆ ಉಂಡವನು. ಗಿಡಗಳ ವರ್ಣತಂತು ನೋಡಿ ಪಳಗಿದವನು. ಅವನು ಲುಂಡಿನಲ್ಲಿ ಆಲ್ಬರ್ಟ್ ಲೆವಾನನ ಲ್ಯಾಬಿಗೆ ಹೋಗಿ, ಶುವಿನ ತೆಳು ದ್ರಾವಣದ ಜೊತೆಗೆ ಕಾಲ್ಚಿಸಿನ್ ಎಂಬ ಔಷಧಿ ಸೇರಿಸಿದ. ಕೋಶ ಒಡೆಯುವುದನ್ನು ನಡುದಾರಿಯಲ್ಲೇ ನಿಲ್ಲಿಸುವ ಗಿಡದ ವಿಷ ಅದು. ನಮ್ಮ ಬೇಲಿಗಳಲ್ಲಿ ಹಬ್ಬುವ ಅಗ್ನಿಶಿಖೆಯ ಗೆಡ್ಡೆಯಲ್ಲೂ ಅದೇ ವಿಷ ಇದೆ. 1955ರ ಡಿಸೆಂಬರ್ 22ರಂದು ಎಣಿಸಿದ. 46. ಮತ್ತೆ ಮತ್ತೆ ಎಣಿಸಿದ. 46. 1956ರಲ್ಲಿ ಅಚ್ಚಾಯಿತು. ಲೇಖನದಲ್ಲಿ ಟಿಯೊ ಹೆಸರು ಮೊದಲು, ಲ್ಯಾಬಿನ ಯಜಮಾನ ಲೆವಾನನದು ಆಮೇಲೆ. ಈಗ ಲೆಕ್ಕ ಸಿಕ್ಕಿತ್ತು.

*

ನಾಲ್ಕೇ ವರ್ಷ. 1960ರಲ್ಲಿ ಅಮೆರಿಕಾದ ಫಿಲಡೆಲ್ಫಿಯಾ ನಗರದಲ್ಲಿ ಪೀಟರ್ ನೋವೆಲ್ ಎಂಬ ವೈದ್ಯ ರಕ್ತದ ಕ್ಯಾನ್ಸರಿನ ಕೋಶಗಳನ್ನು ಗಾಜಿನ ಮೇಲೆ ಬೆಳೆಸಿ, ನಲ್ಲಿನೀರಿನಲ್ಲಿ ತೊಳೆದು, ಬಣ್ಣ ಹಚ್ಚಿ ನೋಡುತ್ತಿದ್ದ. ನಲ್ಲಿನೀರೂ ತೆಳು ನೀರೇ, ಎಳೆಗಳು ಹರಡಿಕೊಂಡವು. ಅವನಿಗೆ ವರ್ಣತಂತುಗಳ ಪರಿಚಯ ಇರಲಿಲ್ಲ. ಬಲ್ಲವನನ್ನು ಹುಡುಕಿದ. ಡೇವಿಡ್ ಹಂಗರ್‌ಫರ್ಡ್ ಎಂಬ ವಿದ್ಯಾರ್ಥಿ ಸಿಕ್ಕಿದ. ಹಂಗರ್‌ಫರ್ಡನ ಕಣ್ಣಿಗೆ ಬಿತ್ತು: ಒಂದು ಎಳೆ ಮೋಟಾಗಿದೆ. ಏಳು ರೋಗಿಗಳನ್ನು ನೋಡಿದರು, ಏಳು ಜನರಲ್ಲೂ ಅದೇ ಮೋಟು ಎಳೆ. ಊರಿನ ಹೆಸರನ್ನೇ ಅದಕ್ಕೆ ಇಟ್ಟರು, ಫಿಲಡೆಲ್ಫಿಯಾ ಕ್ರೋಮೋಸೋಮ್. ಒಂದು ಜಾತಿಯ ಕ್ಯಾನ್ಸರಿಗೆ ಒಂದು ಗೊತ್ತಾದ ವರ್ಣತಂತು ದೋಷ ಸದಾ ಅಂಟಿಕೊಂಡಿರುವುದು ಕಂಡದ್ದು ಅದೇ ಮೊದಲು.

ಇಲ್ಲಿ ಒಂದು ಮಾತನ್ನು ಗೆರೆ ಎಳೆದು ಓದಬೇಕು. ಈ ಮೋಟು ಎಳೆ ರೋಗಿಯ ರಕ್ತ ಹುಟ್ಟಿಸುವ ಕೋಶಗಳಲ್ಲಿ ಮಾತ್ರ ಇತ್ತು. ಚರ್ಮದ ಕೋಶಗಳಲ್ಲಿ ಇರಲಿಲ್ಲ. ಅಂದರೆ ಇದು ತಾಯಿತಂದೆಯಿಂದ ಬಂದದ್ದಲ್ಲ. ಅವರಿಂದ ಬಂದಿದ್ದರೆ ಮೈಯ ಎಲ್ಲ ಕೋಶಗಳಲ್ಲೂ ಇರಬೇಕಿತ್ತು. ಬದುಕಿನ ನಡುವೆ ಯಾವುದೋ ಒಂದು ದಿನ, ಮೂಳೆಯೊಳಗಿನ ಮಜ್ಜೆಯ ಒಂದೇ ಒಂದು ಕೋಶದಲ್ಲಿ ಎಳೆ ಮುರಿದಿದೆ. ಆ ಒಂದು ಕೋಶದ ಸಂತಾನವೇ ರೋಗ. ಬೊವೆರಿ ಮೊಟ್ಟೆಗಳನ್ನು ನೋಡಿ ಊಹಿಸಿದ್ದು ಇದನ್ನೇ. ಈ ದೋಷ ಮಕ್ಕಳಿಗೆ ಹೋಗುವುದೂ ಇಲ್ಲ. ಚಿಕ್ಕವ್ವನ ಮಗಳ ವೀಳ್ಯ ವಾಪಸ್ ಕಳಿಸಿದವರಿಗೆ ಉತ್ತರ 1960ರಲ್ಲೇ ಬರೆದಿತ್ತು. ಆ ಉತ್ತರ ನಮ್ಮ ಕೇರಿಗೆ ಬರಲೇ ಇಲ್ಲ.

ಮುರಿದ ತುಂಡು ಎಲ್ಲಿ ಹೋಯಿತು? ಹನ್ನೆರಡು ವರ್ಷ ಯಾರಿಗೂ ತಿಳಿಯಲಿಲ್ಲ. ತಿಳಿಸಿದವಳು ಶಿಕಾಗೋದ ಜಾನೆಟ್ ರೌಲಿ. 1944ರಲ್ಲಿ ಅವಳು ವೈದ್ಯಕೀಯ ಓದಲು ಹೋದಾಗ, 65 ಸೀಟಿನಲ್ಲಿ ಹೆಂಗಸರಿಗೆ ಮೂರೇ ಸೀಟು, ಅವು ತುಂಬಿವೆ ಅಂತ ಒಂಬತ್ತು ತಿಂಗಳು ಕಾಯಿಸಿದ್ದರು. ಮೀಸಲಾತಿ ಎಂದರೆ ಸಿಡುಕುವವರು ನೋಡಬೇಕು. ಇದು ಒಳಗೆ ಕರೆಯುವ ಮೀಸಲಾತಿಯಲ್ಲ, ಹೊರಗೆ ತಡೆಯುವ ಮೀಸಲಾತಿ. ಓದು ಮುಗಿಸಿ ಮದುವೆಯಾಗಿ ನಾಲ್ಕು ಗಂಡುಮಕ್ಕಳನ್ನು ಹೆತ್ತಳು. ಎಷ್ಟೋ ವರ್ಷ ವಾರಕ್ಕೆ ಮೂರು ದಿನ ಮಾತ್ರ ಕೆಲಸ ಮಾಡಿದಳು. ಅಷ್ಟರಲ್ಲಿ, 1970ರ ಹೊತ್ತಿಗೆ, ಸ್ವೀಡನ್ನಿನವರು ಎಳೆಗಳ ಮೇಲೆ ಅಡ್ಡಪಟ್ಟೆ ಮೂಡಿಸುವ ಹೊಸ ಬಣ್ಣಗಾರಿಕೆ ಕಂಡುಹಿಡಿದಿದ್ದರು. ಸೀರೆಯ ಅಂಚು ನೋಡಿ ಇದು ಯಾರ ಸೀರೆ ಅಂತ ಹೇಳುವ ಹಾಗೆ, ಪಟ್ಟೆ ನೋಡಿ ಇದು ಎಷ್ಟನೇ ಎಳೆ ಅಂತ ಹೇಳಬಹುದಾಯಿತು. ರೌಲಿ ಫೋಟೋಗಳನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸಿ ಜೋಡಿ ಹೊಂದಿಸುತ್ತಿದ್ದಳು. ಅಮ್ಮ ಕಾಗದದ ಬೊಂಬೆ ಆಡುತ್ತಾಳೆ ಅಂತ ಮಕ್ಕಳು ನಗುತ್ತಿದ್ದರು.

ಆ ಮೇಜಿನ ಮೇಲೆ ಗುಟ್ಟು ಬಿಚ್ಚಿತು. 22ನೇ ಎಳೆಯಿಂದ ಕಳೆದುಹೋಗಿದೆ ಅಂದುಕೊಂಡಿದ್ದ ತುಂಡು ಕಳೆದಿರಲಿಲ್ಲ. 9ನೇ ಎಳೆಯ ತುದಿಗೆ ಅಂಟಿತ್ತು. ಎಳೆ ಬರೀ ಮುರಿದಿರಲಿಲ್ಲ, ಅದಲುಬದಲಾಗಿತ್ತು. 1973ರಲ್ಲಿ ಇದನ್ನು ಬರೆದಳು. ಅದಕ್ಕೂ ಒಂದು ವರ್ಷ ಮುಂಚೆ ಇನ್ನೊಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ 8ಕ್ಕೂ 21ಕ್ಕೂ ಇಂಥದೇ ಅದಲುಬದಲು ಕಂಡಿದ್ದಳು. ವರ್ಣತಂತು ಕೆಡುವುದು ಕ್ಯಾನ್ಸರಿನ ಫಲ, ಕಾರಣವಲ್ಲ ಅನ್ನುತ್ತಿದ್ದ ಪಂಡಿತರು ನಿಧಾನವಾಗಿ ಸುಮ್ಮನಾಗಬೇಕಾಯಿತು.

1980ರ ದಶಕದಲ್ಲಿ ಅದು ಹೇಗೆ ಕಾರಣ ಅನ್ನುವುದೂ ಬಿಚ್ಚಿಕೊಂಡಿತು. 9ರಲ್ಲಿದ್ದ ಎಬಿಎಲ್ ಎಂಬ ಜೀನು 22ಕ್ಕೆ ಬಂದು ಅಲ್ಲಿನ ಬಿಸಿಆರ್ ಎಂಬುದಕ್ಕೆ ಬೆಸೆದುಕೊಳ್ಳುತ್ತದೆ. ಎಬಿಎಲ್ ಅಂದರೆ ಕೆರೆಯ ತೂಬಿನ ಹಾಗೆ. ಬೇಕಾದಾಗ ತೆರೆಯಬೇಕು, ಸಾಕಾದಾಗ ಮುಚ್ಚಬೇಕು. ಬೆಸೆದ ಮೇಲೆ ಅದು ಮುಚ್ಚುವುದನ್ನು ಮರೆಯುತ್ತದೆ. 'ಒಡೆ, ಇನ್ನೂ ಒಡೆ' ಅಂತ ಕೋಶಕ್ಕೆ ಹಗಲೂ ರಾತ್ರಿ ಅಪ್ಪಣೆ ಹೋಗುತ್ತಲೇ ಇರುತ್ತದೆ. ಬಿಳಿಯ ರಕ್ತಕಣಗಳು ಮಿತಿಮೀರಿ, ಗುಲ್ಮ ಉಬ್ಬಿ, ಪಕ್ಕೆಲುಬಿನ ಕೆಳಗೆ ಕಲ್ಲಾಗಿ ಕೂರುತ್ತದೆ.

ಎಳೆ ಯಾಕೆ ಮುರಿಯುತ್ತದೆ? ಹೆಚ್ಚಿನವರಲ್ಲಿ ಇಂಥದೇ ಕಾರಣ ಅಂತ ತೋರಿಸಲಾಗುವುದಿಲ್ಲ. ಕೋಶ ಒಡೆಯುವಾಗ ಆಗುವ ಆಕಸ್ಮಿಕ. ತೋರಿಸಬಹುದಾದ ಒಂದು ಕಾರಣ ವಿಕಿರಣ. 1945ರಲ್ಲಿ ಹಿರೋಶಿಮಾದ ಬಾಂಬಿನಿಂದ ಬದುಕಿ ಉಳಿದವರಲ್ಲಿ ಈ ರಕ್ತದ ಕ್ಯಾನ್ಸರ್ ಹೆಚ್ಚಾಯಿತು. ಅದು ಅವರ ಹೋದ ಜನ್ಮದ ಕರ್ಮವಲ್ಲ, ಬಾಂಬು ಹಾಕಿದವರ ಕರ್ಮ. ವಂಶದಲ್ಲಿ ಬರುವ ಕ್ಯಾನ್ಸರುಗಳೂ ಇವೆ, ಅದನ್ನು ಮುಚ್ಚಿಡಬಾರದು. ಮಕ್ಕಳ ಕಣ್ಣಿನ ಒಂದು ಬಗೆಯ ಕ್ಯಾನ್ಸರ್ ಹಾಗೆ ಬರಬಹುದು ಅಂತ 1971ರಲ್ಲಿ ಆಲ್ಫ್ರೆಡ್ ನುಡ್ಸನ್ ಲೆಕ್ಕ ಹಾಕಿ ತೋರಿಸಿದ. ಆದರೆ ಒಟ್ಟು ಕ್ಯಾನ್ಸರುಗಳಲ್ಲಿ ಅಂಥವು ನೂರಕ್ಕೆ ಐದರಿಂದ ಹತ್ತರಷ್ಟು. ಅವೂ ಪಾಪವಲ್ಲ, ರೋಗವೇ.

*

ತೂಬು ಮುಚ್ಚುವ ಮಾತ್ರೆ ಬಂದದ್ದು 2001ರಲ್ಲಿ. ಬ್ರಯನ್ ಡ್ರುಕರ್ ಎಂಬ ವೈದ್ಯ, ನಿಕೊಲಾಸ್ ಲೈಡನ್ ಎಂಬ ಕಂಪನಿ ವಿಜ್ಞಾನಿ ಹಾಗೂ ಅವರ ಜೊತೆಯವರು ಆ ಬೆಸೆದ ಜೀನಿನ ಕೆಲಸಕ್ಕೇ ಅಡ್ಡಹಾಕುವ ಇಮ್ಯಾಟಿನಿಬ್ ಔಷಧಿಯನ್ನು ಬೆಳೆಸಿದರು. ಸರಿಯಾದ ಪ್ರಮಾಣ ಕೊಟ್ಟ 54 ರೋಗಿಗಳಲ್ಲಿ 53 ಜನರ ರಕ್ತದ ಲೆಕ್ಕ ಸರಿಹೋಯಿತು. ಮುಂದೆ ಹತ್ತು ವರ್ಷದ ಮೇಲೆ ನೋಡಿದಾಗ, ಈ ಮಾತ್ರೆಯಿಂದ ಚಿಕಿತ್ಸೆ ಶುರುಮಾಡಿದವರಲ್ಲಿ ನೂರಕ್ಕೆ 83 ಜನ ಬದುಕಿದ್ದರು. ಮೊದಲು ಕೆಲವೇ ವರ್ಷಗಳಲ್ಲಿ ಕೊಲ್ಲುತ್ತಿದ್ದ ರೋಗ ಅದು.

ಹಾಗಾದರೆ ಗೆದ್ದೆವಾ? ಬೆಲೆ ಕೇಳಿ. ನೊವಾರ್ಟಿಸ್ ಕಂಪನಿಯ ಮಾತ್ರೆಗೆ ಇಂಡಿಯಾದಲ್ಲಿ ಆಗ ತಿಂಗಳಿಗೆ ಸುಮಾರು 1,20,000 ರೂಪಾಯಿ ಇತ್ತು. ಇಲ್ಲಿನ ಕಂಪನಿಗಳು ಅದೇ ಮಾತ್ರೆಯನ್ನು ಎಂಟು ಹತ್ತು ಸಾವಿರಕ್ಕೆ ಮಾಡುತ್ತಿದ್ದವು. 1970ರ ನಮ್ಮ ಪೇಟೆಂಟ್ ಕಾಯ್ದೆ ಔಷಧಿಯ ಮೇಲೆ ಯಾರಿಗೂ ಪೇಟೆಂಟ್ ಕೊಡುತ್ತಿರಲಿಲ್ಲ, ಮಾಡುವ ವಿಧಾನಕ್ಕೆ ಮಾತ್ರ ಕೊಡುತ್ತಿತ್ತು. ವ್ಯಾಪಾರದ ಒಪ್ಪಂದಕ್ಕೆ ತಲೆಬಾಗಿ 2005ರಲ್ಲಿ ಅದನ್ನು ಬದಲಿಸಿದರು. ಬದಲಿಸುವಾಗ 3(ಡಿ) ಅಂತ ಒಂದು ಕಲಮು ಉಳಿಯಿತು. ಹಳೆಯ ಔಷಧಿಗೆ ಹೊಸ ರೂಪ ಕೊಟ್ಟರೆ ಸಾಲದು, ಅದರ ಗುಣ ಹೆಚ್ಚಿದ್ದು ತೋರಿಸಿದರೆ ಮಾತ್ರ ಪೇಟೆಂಟ್ ಅನ್ನುವ ಕಲಮು. 2006ರಲ್ಲಿ ಚೆನ್ನೈನ ಪೇಟೆಂಟ್ ಕಚೇರಿ ನೊವಾರ್ಟಿಸ್ ಅರ್ಜಿ ತಳ್ಳಿತು. ಕ್ಯಾನ್ಸರ್ ರೋಗಿಗಳ ಪರವಾದ ಸಂಘವೂ ಎದುರು ನಿಂತಿತ್ತು. ಕಂಪನಿ ಕೋರ್ಟಿನಿಂದ ಕೋರ್ಟಿಗೆ ಹೋಯಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಅದರ ಮೇಲ್ಮನವಿಯನ್ನು ವಜಾ ಮಾಡಿತು.

ನಾವು ಸಾವಿರಾರು ಬಡವರಿಗೆ ಪುಕ್ಕಟೆ ಕೊಡುತ್ತಿದ್ದೇವಲ್ಲ ಅಂತ ಕಂಪನಿ ಹೇಳಿತು. ಕೊಟ್ಟದ್ದು ನಿಜ. ಆದರೆ ಅಂಗಳದಲ್ಲಿ ನಿಲ್ಲಿಸಿ ಮೇಲಿಂದ ನೀರು ಹುಯ್ದವರೂ ನೀರು ಕೊಟ್ಟವರೇ. ಬಾವಿಗೆ ಇಳಿದು ಸೇದಿಕೊಳ್ಳುವುದು ಬೇರೆ. ದಾನ ನಿಲ್ಲಿಸಬಹುದು, ಹಕ್ಕನ್ನು ನಿಲ್ಲಿಸಿದರೆ ಕೇಳಬಹುದು.

ಚಿಕ್ಕವ್ವ ಈಗ ದಿನಾ ರಾತ್ರಿ ಮುದ್ದೆ ಉಂಡು ಒಂದು ಮಾತ್ರೆ ನುಂಗುತ್ತಾಳೆ. ಹೊಟ್ಟೆಯ ಕಲ್ಲು ಕರಗಿದೆ. ಮತ್ತೆ ಕಳೆ ಕೀಳಲು ಹೋಗುತ್ತಾಳೆ. ಎರಡು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ಮಾತ್ರೆ ಮುಗಿದಿದೆ, ಮುಂದಿನ ವಾರ ಬನ್ನಿ ಅಂದರು. ಬಸ್ ಚಾರ್ಜು, ಒಂದು ದಿನದ ಕೂಲಿ, ಎರಡೂ ಹೋದವು. ಮುಂದಿನ ವಾರವೂ ಇರಲಿಲ್ಲ. ಸಾಲ ಮಾಡಿ ಅಂಗಡಿಯಲ್ಲಿ ತಂದೆವು. ತೂಬು ಮುಚ್ಚಿಟ್ಟಿರುವ ಕೈ ದಿನವೂ ಬೇಕು. ಬೊವೆರಿಯಿಂದ ರೌಲಿಯವರೆಗೆ ಸುಮಾರು ಎಪ್ಪತ್ತು ವರ್ಷ ನಡೆದ ಜ್ಞಾನ, ತಾಲ್ಲೂಕಿನಿಂದ ನಮ್ಮ ಊರಿಗೆ ಇರುವ ಕೊನೆಯ ಹತ್ತು ಮೈಲಿ ನಡೆಯಲಾರದೆ ನಿಂತುಬಿಡುತ್ತದೆ. ಆ ಹತ್ತು ಮೈಲಿ ವಿಜ್ಞಾನದ ಕೆಲಸವಲ್ಲ, ನಮ್ಮ ಕೆಲಸ. ಮಾತ್ರೆ ಯಾಕೆ ಬಂದಿಲ್ಲ ಅಂತ ಕೇಳುವ ಕೆಲಸ.

ಇನ್ನೊಂದು ಕೆಲಸ ಹಳ್ಳಿಯ ಮೇಷ್ಟ್ರುಗಳದು. ವರ್ಣತಂತುವಿನ ಪಾಠ ಬಂದಾಗ ಪರೀಕ್ಷೆಗೆ 46 ಅಂತ ಬರೆಸಿ ಮುಂದಕ್ಕೆ ಹೋಗಬೇಡಿ. ಆ ಲೆಕ್ಕ ಊರಿಗೂ ಕೇರಿಗೂ ಒಂದೇ ಅಂತ ಹೇಳಿ. 1936ರಲ್ಲಿ, ಮನುಷ್ಯನ ವರ್ಣತಂತು 48 ಅಂತ ಜಗತ್ತೇ ನಂಬಿದ್ದ ಕಾಲದಲ್ಲಿ, ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ರಕ್ತಶುದ್ಧಿಯ ವಾದವನ್ನು ಮುರಿದು ಹಾಕಿದ್ದರು. ಅವರಿಗೆ ಸೂಕ್ಷ್ಮದರ್ಶಕ ಬೇಕಾಗಿರಲಿಲ್ಲ. ನಮಗೆ ಸೂಕ್ಷ್ಮದರ್ಶಕವೂ ಸಿಕ್ಕಿದೆ. ಇನ್ನೂ ರಕ್ತ, ವಂಶ, ಕರ್ಮ ಅಂತ ವೀಳ್ಯ ವಾಪಸ್ ಕಳಿಸುತ್ತಿದ್ದರೆ ತಪ್ಪು ಯಾರದು?

ಆ ಗಂಡಿನ ಮನೆಗೆ ನಾನು ಹೋಗಿದ್ದೆ. ಕಾಗದದ ಮೇಲೆ ಎಳೆಗಳನ್ನು ಬರೆದು ತೋರಿಸಿದೆ. ಹುಡುಗನ ಅಪ್ಪ ಎದ್ದು ಹೋದ. ಹುಡುಗನ ಅಜ್ಜಿ ಮಾತ್ರ ಕೂತು ಕೇಳಿದಳು. ಕೊನೆಗೆ, "ಹಂಗಾರೆ ಹುಟ್ತಾ ತಂದುದ್ದಲ್ಲ ಅನ್ನು" ಅಂದಳು.

"ಅಲ್ಲ ಅಜ್ಜಿ. ಹುಟ್ತಾ ತಂದುದ್ದಲ್ಲ."

ಮದುವೆ ಕೂಡಲಿಲ್ಲ. ತಂಗಿ ಈಗ ಬಿ.ಎಡ್. ಓದುತ್ತಿದ್ದಾಳೆ. ನಾಳೆ ಯಾವುದೋ ಹಳ್ಳಿಯ ಶಾಲೆಯಲ್ಲಿ ಈ ಪಾಠವನ್ನು ಅವಳೇ ಮಾಡುತ್ತಾಳೆ.